ಧಾರವಾಡ ಬಾನುಲಿಯಲ್ಲಿ ಕೇಳಿಸದ ಪೇಟಿ

ಉತ್ತರ ಕರ್ನಾಟಕದ ಸಂಗೀತವನ್ನು ಕುರಿತು ಬರೆಯುವವರು ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳನ್ನು ಆಕರವಾಗಿ ಬಳಸುವುದುಂಟು. ಅವುಗಳ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವು ಯಾವ ನಿಯಮಗಳಿಗೆ ಒಳಪಟ್ಟು ಸಿದ್ಧವಾದುವೆಂಬುದನ್ನು ಮರೆತರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ.

ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಆಗ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ಅಷ್ಟರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ನಿಷೇಧಿಸಿ ಹತ್ತು ವರ್ಷಗಳಾಗಿದ್ದುವು. ಸ್ಥಿರಸ್ವರಗಳ ಈ ವಿದೇಶೀ ಮೂಲದ ವಾದ್ಯದಲ್ಲಿ ಮೀಂಡ್ ಸಾಧ್ಯವಿಲ್ಲ, ಸೂಕ್ಷ್ಮ ಶ್ರುತಿಗಳು ನುಡಿಯುವುದಿಲ್ಲ ಎಂಬುದು 1940ರ ಆ ನಿರ್ಧಾರದ ಹಿಂದಿನ ವಾದ. ರವೀಂದ್ರನಾಥ ಠಾಕೂರರೂ ಹಾರ್ಮೋನಿಯಮ್ಮಿನ ವಿರೋಧಿಗಳಾಗಿದ್ದರು. ವಾದದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಹೊಸ ಕೇಂದ್ರ ತಲೆಯೆತ್ತಿದ ನೆಲದಲ್ಲಿ ಪೇಟಿಯೇ ಅನೇಕರಿಗೆ ಸಂಗೀತದ ಮೊದಲ ಪಾಠಶಾಲೆ. ವೃತ್ತಿ ನಾಟಕ ಕಂಪನಿಗಳ ರಂಗಗೀತೆ ಕಾಲುಪೇಟಿಯಿಲ್ಲದೆ ನಡೆಯುತ್ತಿರಲಿಲ್ಲ. ಊರೂರಿನ ಭಜನೆಗೂ ಪೇಟಿಯೇ ಆಧಾರ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ ವಾದನದಲ್ಲಿಯೂ ನಿಪುಣರು. ಬಾಲ್ಯದಲ್ಲಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿ ಬೆಳೆದ ಮಲ್ಲಿಕಾರ್ಜುನ ಮನಸೂರರು ಮುಂದೆ ಧಾರವಾಡ ಕೇಂದ್ರಕ್ಕೇ ಸಂಗೀತ ಸಲಹೆಗಾರರಾದರು. ತಮ್ಮನ್ನು ಬೆಳೆಸಿದ ರಂಗಸಂಗೀತದ ವಾದ್ಯಕ್ಕೆ ಪ್ರವೇಶವಿಲ್ಲದ ಸಂಸ್ಥೆಯಲ್ಲಿ ಅವರು ಸಲಹೆಗಾರರಾಗಿದ್ದುದು ವಿಧಿಯ ವಿನೋದವೆನ್ನಬಹುದು.

ಎರಡನೆಯ ಬದಲಾವಣೆ 1952ರಲ್ಲಿ ಬಂದಿತು. ಆ ವರ್ಷ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ ಬಿ. ವಿ. ಕೇಸಕರರು ಚಿತ್ರಗೀತೆಗಳ ಕಾಲಾವಕಾಶವನ್ನು ಕಡಿತಗೊಳಿಸಿ ಶಾಸ್ತ್ರೀಯ ಸಂಗೀತಕ್ಕೆ ಪ್ರಾಶಸ್ತ್ಯವಿತ್ತರು. ಕಲಾವಿದರ ಧ್ವನಿಪರೀಕ್ಷೆಯನ್ನು, ಶ್ರೇಣೀಕರಣವನ್ನು ಬಿಗಿಗೊಳಿಸಿದರು. ಕೇಳುಗರು ರೇಡಿಯೋ ಸಿಲೋನಿನ ಕಡೆ ತಿರುಗಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾದದ್ದು ಇದಕ್ಕೆ ಉತ್ತರವಾಗಿಯೇ. ಈ ಕಥೆ ಪ್ರಸಿದ್ಧವಾದುದರಿಂದ ವಿಸ್ತರಿಸುವುದಿಲ್ಲ. ನಮಗೆ ಮುಖ್ಯವಾದುದು, ಚಿತ್ರಗೀತೆ ತೆರವು ಮಾಡಿದ ಎಡೆಯನ್ನು ತುಂಬಲು ಕೇಂದ್ರಗಳಲ್ಲಿಯೇ ರೂಪುಗೊಂಡ ಸುಗಮ ಸಂಗೀತ. ಕನ್ನಡಕ್ಕೆ ಇದರಿಂದ ಲಾಭವಾಯಿತೆಂದೇ ನಮ್ಮ ಅಭಿಪ್ರಾಯ. ನವೋದಯದ ಕವಿತೆಗಳು ಪುಸ್ತಕದಿಂದ ಕಿವಿಗೆ ಬಂದುವು. ಸೊಲ್ಲಾಪುರದ ಕಾಲೇಜಿನಿಂದ 1956ರಲ್ಲಿ ನಿವೃತ್ತರಾದ ಬೇಂದ್ರೆಯವರು ಧಾರವಾಡ ಕೇಂದ್ರದ ಸಲಹೆಗಾರರಾದುದೂ ಈ ಕಾಲದಲ್ಲಿಯೇ. ಆದರೆ ಸುಗಮ ಸಂಗೀತದ ಚರಿತ್ರೆಗಳು ಮೈಸೂರು-ಬೆಂಗಳೂರುಗಳಲ್ಲಿಯೇ ನಿಂತುಬಿಡುತ್ತವೆ.

ಹಾರ್ಮೋನಿಯಂ ಸಡಿಲಿಕೆ ಬಂದದ್ದು 1971ರಲ್ಲಿ, ಅದೂ ಉನ್ನತ ಶ್ರೇಣಿಯ ಕಲಾವಿದರಿಗೆ ಪಕ್ಕವಾದ್ಯವಾಗಿ ಮಾತ್ರ. ಆದುದರಿಂದ 1950ರಿಂದ 1971ರವರೆಗಿನ ಬಾನುಲಿ ಮುದ್ರಣಗಳಲ್ಲಿ ಪೇಟಿ ಇಲ್ಲದಿರುವುದನ್ನು ಧಾರವಾಡದ ಗಾಯಕರ ಅಭಿರುಚಿಗೆ ಸಾಕ್ಷಿಯೆಂದು ಓದಲಾಗದು. ಅದು ಕೇಂದ್ರಸರ್ಕಾರದ ನಿಯಮಕ್ಕೆ ಸಾಕ್ಷಿ. ಮುಂಬಯಿ, ಪುಣೆ, ಹೈದರಾಬಾದ್ ಕೇಂದ್ರಗಳಿಂದ ಇವೇ ಗಾಯಕರು ಹಾಡಿದ ಮುದ್ರಣಗಳಿಗೂ ಈ ಮಾತು ಅನ್ವಯಿಸುತ್ತದೆ. ಆ ನಗರಗಳಲ್ಲಿರುವ ಸಂಶೋಧಕರು ಅದೇ ಕಾಲದ ಖಾಸಗಿ ಬೈಠಕ್ಕುಗಳ, ಸಂಗೀತೋತ್ಸವಗಳ ಮುದ್ರಣಗಳನ್ನು ಬಾನುಲಿಯವುಗಳ ಪಕ್ಕದಲ್ಲಿಟ್ಟು ಕೇಳಬೇಕು. ಇನ್ನು ಪೇಟಿಯ ಏಕವಾದನದ ಮೇಲಿನ ನಿರ್ಬಂಧ 1971ರ ಅನಂತರವೂ ಬಹುಕಾಲ ಮುಂದುವರಿಯಿತು.