ಗಡಿಯಾಚೆಯ ಅಚ್ಚುಕೂಟ: ತಿರುವಾಂಕೂರು ಮತ್ತು ಮೈಸೂರಿನ ಪತ್ರಿಕಾ ಇತಿಹಾಸದ ಒಂದು ಅಂಶ

ತಿರುವನಂತಪುರದ ಕೋಟೆಯ ಪೂರ್ವದ್ವಾರದಿಂದ ಕಿಳ್ಳಿಪ್ಪಾಲದ ಕಡೆಗೆ ಸಾಗುವ ಚಾಲೈ ಪೇಟೆಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಿವಾನ ರಾಜಾ ಕೇಶವದಾಸನು ನೆಲೆಗೊಳಿಸಿದ್ದು. ಸಮೀಪದ ವಲಿಯಶಾಲೆಯಲ್ಲಿ ಕಾಂದಳೂರಿನ ಶಿವಾಲಯವಿದೆ. ರಾಜರಾಜ ಚೋಳನ ಶಾಸನಗಳಲ್ಲಿ ಬರುವ ಕಾಂದಳೂರು ಶಾಲೆ ಈ ಪರಿಸರದ್ದೇ ಎಂಬುದು ಹಲವು ವಿದ್ವಾಂಸರ ಮತ. ಮಧ್ಯಕಾಲೀನ ಸಾಹಿತ್ಯದ ವ್ಯಾಸಂಗಿಗಳಾದ ನಮ್ಮನ್ನು ಆ ಊರಿಗೆ ಸೆಳೆದದ್ದು ಆ ಶಾಲೆಯೇ. ಆದರೆ ತಮಿಳಿನಲ್ಲಿ ಈ ಪದಕ್ಕೆ ವಿದ್ಯಾಸ್ಥಾನವೆಂಬ ಅರ್ಥವಿರುವಂತೆ ಹೆದ್ದಾರಿಯೆಂಬ ಅರ್ಥವೂ ಉಂಟು. ಆ ಎರಡನೆಯ ಅರ್ಥವೇ ನಮ್ಮನ್ನು ಬೇರೊಂದು ವಿಷಯದತ್ತ ಕೊಂಡೊಯ್ದಿತು. ಒಂದು ಸಂಸ್ಥಾನದ ಸುದ್ದಿ ಇನ್ನೊಂದು ಸೀಮೆಯಲ್ಲಿ ಅಚ್ಚಾಗಿ ಮರಳಿ ಬಂದ ದಾರಿ ಯಾವುದು?

ದೇಶೀಯ ಸಂಸ್ಥಾನಗಳಲ್ಲಿ ದಿವಾನರ ಆಡಳಿತವನ್ನು ಶೋಧಿಸಿ ಬರೆಯುವವನಿಗೆ ಲೇಖನಿಗಿಂತ ಮೊದಲು ಬೇಕಾದದ್ದು ಗಡಿಯಾಚೆಯ ಅಚ್ಚುಕೂಟ. ತಿರುವಾಂಕೂರಿನವರಿಗೆ ಅದು ಕೊಚ್ಚಿಯಲ್ಲಿ ದೊರೆಯಿತು. 1860ರ ದಶಕದಿಂದಲೇ ಅಲ್ಲಿ 'ವೆಸ್ಟರ್ನ್ ಸ್ಟಾರ್' ಎಂಬ ಇಂಗ್ಲಿಷ್ ಪತ್ರಿಕೆ ಹೊರಡುತ್ತಿತ್ತು. (1881ರಲ್ಲಿ 'ಕೇರಳಮಿತ್ರಂ' ಎಂಬ ಮಲಯಾಳ ಪತ್ರಿಕೆಯನ್ನು ಅದೇ ಕೊಚ್ಚಿಯಲ್ಲಿ ಆರಂಭಿಸಿದವರು ದೇವಜಿ ಭೀಮಜಿ ಎಂಬ ಗುಜರಾತಿ ವರ್ತಕರು. ಬಂದರು ಪಟ್ಟಣಗಳಲ್ಲಿ ಭಾಷೆಯ ಗಡಿಗಳೂ ಸಡಿಲವೆಂಬುದಕ್ಕೆ ಇದೊಂದು ನಿದರ್ಶನ.) ತಿರುವನಂತಪುರದ ಕಾಲೇಜಿನ ವಿದ್ಯಾರ್ಥಿ ಜಿ. ಪರಮೇಶ್ವರನ್ ಪಿಳ್ಳೆ ದಿವಾನ ರಾಮಯ್ಯಂಗಾರರ ಆಡಳಿತವನ್ನು ಟೀಕಿಸಿ 'ವೆಸ್ಟರ್ನ್ ಸ್ಟಾರ್'ಗೆ ಬರೆದು ಕಾಲೇಜಿನಿಂದ ಹೊರದೂಡಲ್ಪಟ್ಟರು. ಮದರಾಸಿಗೆ ಹೋಗಿ ಓದು ಮುಂದುವರಿಸಿದ ಅವರು ಮುಂದೆ 'ಮದರಾಸ್ ಸ್ಟ್ಯಾಂಡರ್ಡ್' ಪತ್ರಿಕೆಯ ಸಂಪಾದಕರಾದರು. ಹತ್ತು ಸಾವಿರಕ್ಕೂ ಮಿಕ್ಕ ಜನರು ರುಜು ಹಾಕಿದ 1891ರ ಮಲಯಾಳಿ ಮೆಮೋರಿಯಲ್‌ನ ಹಿಂದೆ ಇದ್ದವರೂ ಅವರೇ. 1896ರಲ್ಲಿ ದಕ್ಷಿಣ ಆಫ್ರಿಕದ ಭಾರತೀಯರ ಅಳಲನ್ನು ಹೊತ್ತು ಮದರಾಸಿಗೆ ಬಂದ ಗಾಂಧೀಜಿಗೆ ತಮ್ಮ ಪತ್ರಿಕೆಯ ಅಂಕಣಗಳನ್ನು ಅವರು ಪೂರ್ತಿಯಾಗಿ ಬಿಟ್ಟುಕೊಟ್ಟರು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಒಮ್ಮೆ ಗಡಿಯಾಚೆಯ ಪತ್ರಿಕೆಯ ಆಶ್ರಯ ಪಡೆದವನು ಮುಂದೆ ಕಡಲಾಚೆಯವರಿಗೆ ತಾನೇ ಆಶ್ರಯನಾದನೆಂಬುದು ಗಮನಾರ್ಹ.

ಇದಕ್ಕಿಂತ ಪ್ರಸಿದ್ಧವಾದುದು 'ಸ್ವದೇಶಾಭಿಮಾನಿ'ಯ ಪ್ರಕರಣ. ವಕ್ಕಂ ಅಬ್ದುಲ್ ಖಾದರ್ ಮೌಲವಿಯವರು 1905ರ ಜನವರಿ 19ರಂದು ಈ ಪತ್ರಿಕೆಯನ್ನು ಅಂಜುತೆಂಗಿನಲ್ಲಿ ಆರಂಭಿಸಿದರು. ನಾಲ್ಕೂ ಕಡೆ ತಿರುವಾಂಕೂರಿನ ನೆಲ ಮತ್ತು ಕಡಲು ಸುತ್ತುವರಿದಿದ್ದರೂ ಅಂಜುತೆಂಗು ಬ್ರಿಟಿಷರ ಸ್ವತ್ತು. ಅಲ್ಲಿ ಅಚ್ಚಾದ ಹಾಳೆಗೆ ಮಹಾರಾಜರ ಶಾಸನ ತಾಗದು. ಆದರೆ ಅಚ್ಚುಕೂಟ ಅಲ್ಲಿ ನಿಲ್ಲಲಿಲ್ಲ. ಮೊದಲು ವಕ್ಕಂಗೆ, 1907ರಲ್ಲಿ ತಿರುವನಂತಪುರಕ್ಕೆ ಬಂದಿತು. 1906ರಿಂದ ಸಂಪಾದಕರಾಗಿದ್ದವರು ನೆಯ್ಯಾಟ್ಟಿನ್‌ಕರದ ಕೆ. ರಾಮಕೃಷ್ಣ ಪಿಳ್ಳೆ. ರಾಜಧಾನಿಯಲ್ಲಿ ಕುಳಿತು ಅಧಿಕಾರಿಗಳ ಲಂಚವನ್ನೂ ದಿವಾನ ಪಿ. ರಾಜಗೋಪಾಲಾಚಾರಿಯವರ ನಡೆಯನ್ನೂ ಅವರು ಬಯಲಿಗೆಳೆದರು. ಓದುಗರ ಸಮೀಪಕ್ಕೆ ಬಂದದ್ದರಿಂದ ಪತ್ರಿಕೆಗೆ ಬಲ ಬಂದಿತು. ಅದೇ ಕಾರಣದಿಂದ ಸರ್ಕಾರದ ಕೈಗೂ ಎಟುಕಿತು. 1910ರ ಸೆಪ್ಟೆಂಬರ್ 26ರಂದು ಯಾವ ವಿಚಾರಣೆಯೂ ಇಲ್ಲದೆ ರಾಜಾಜ್ಞೆಯ ಮೂಲಕ ಅಚ್ಚುಕೂಟವನ್ನು ಮುಟ್ಟುಗೋಲು ಹಾಕಿಕೊಂಡು ಸಂಪಾದಕರನ್ನು ತಿರುನೆಲ್ವೇಲಿಯ ಕಡೆಗೆ ಗಡೀಪಾರು ಮಾಡಲಾಯಿತು. ಅಂಜುತೆಂಗನ್ನು ಬಿಟ್ಟದ್ದು ಮೌಲವಿಯವರ ಅವಿವೇಕವೆಂದು ನಾವು ಎಣಿಸುವುದಿಲ್ಲ. ಗಡಿಯಾಚೆಯ ಪತ್ರಿಕೆ ಸುರಕ್ಷಿತವೇನೋ ಹೌದು. ಕಚೇರಿಗಳ ಒಳಸುದ್ದಿಗೆ ಮಾತ್ರ ಅದು ಯಾವಾಗಲೂ ದೂರ.

ಈ ಕಥೆಗೂ ಕನ್ನಡನಾಡಿಗೂ ಇರುವ ನಂಟು ಅಷ್ಟಾಗಿ ಚರ್ಚೆಗೆ ಬಂದಿಲ್ಲ. 'ಸ್ವದೇಶಾಭಿಮಾನಿ' ಹುಟ್ಟಿದಾಗ ತಿರುವಾಂಕೂರಿನ ದಿವಾನರಾಗಿದ್ದವರು ವಿ. ಪಿ. ಮಾಧವರಾಯರು. 1904ರಲ್ಲಿ ಅಲ್ಲಿ ಶ್ರೀಮೂಲಂ ಪ್ರಜಾಸಭೆಯನ್ನು ನಡೆಸಿದ ಅವರು 1906ರಲ್ಲಿ ಮೈಸೂರಿನ ದಿವಾನರಾಗಿ ಬಂದರು. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾದದ್ದು ಅವರ ಕಾಲದಲ್ಲಿ. ಪತ್ರಿಕೆ ಹೊರಡಿಸಲು ಸರ್ಕಾರದ ಪೂರ್ವಾನುಮತಿ ಬೇಕೆಂದ 1908ರ ವೃತ್ತಪತ್ರಿಕಾ ನಿಬಂಧನೆಯೂ ಅವರ ಕಾಲದ್ದೇ. ಪ್ರಜೆಗಳ ಮಾತನ್ನು ಸಭೆಯಲ್ಲಿ ಕೇಳುವ, ಪತ್ರಿಕೆಯಲ್ಲಿ ಕೇಳದಿರುವ ಈ ಇಬ್ಬಗೆ ಆಗಿನ ಸುಧಾರಕ ಆಡಳಿತಗಾರರ ಸಾಮಾನ್ಯ ಲಕ್ಷಣ. ತಾತಯ್ಯನವರೆಂದು ಪ್ರಖ್ಯಾತರಾದ ಎಂ. ವೆಂಕಟಕೃಷ್ಣಯ್ಯನವರು ಅನುಮತಿ ಬೇಡದೆ, ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ದಿವಾನರು ಸಂಸ್ಥಾನದಿಂದ ಸಂಸ್ಥಾನಕ್ಕೆ ಹೋಗುತ್ತಿದ್ದರು, ಆಳುವ ರೀತಿಯನ್ನೂ ಜೊತೆಗೆ ಒಯ್ಯುತ್ತಿದ್ದರು. ಪತ್ರಕರ್ತರಿಗೆ ಅಂತಹ ಕೂಟವೊಂದು ಇರಲಿಲ್ಲ.

ಆ ಬಗೆಯ ಕೂಟ ರೂಪುಗೊಂಡದ್ದು ಬಹಳ ತಡವಾಗಿ. ತನಿಖಾ ಪತ್ರಕರ್ತರ ಅಂತಾರಾಷ್ಟ್ರೀಯ ಒಕ್ಕೂಟ 1997ರಲ್ಲಿ ಹುಟ್ಟಿತು. 2016ರಲ್ಲಿ 'ಪನಾಮಾ ಪೇಪರ್ಸ್' ಕಡತಗಳನ್ನು ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ಪತ್ರಕರ್ತರು ಒಟ್ಟಾಗಿ ಶೋಧಿಸಿದರು. ನಮಗೆ ಇನ್ನೂ ಹತ್ತಿರದ್ದೊಂದಿದೆ. ಕನ್ನಡ ವಾರಪತ್ರಿಕೆಯ ಸಂಪಾದಕಿ ಗೌರಿ ಲಂಕೇಶ್ ಅವರ ಹತ್ಯೆ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ನಡೆಯಿತು. ಸುಳ್ಳುಸುದ್ದಿಯ ಬಗೆಗೆ ಅವರು ಬರೆದ ಕೊನೆಯ ಸಂಪಾದಕೀಯವನ್ನು ಮೊದಲ್ಗೊಂಡು, ಪ್ಯಾರಿಸ್ಸಿನ 'ಫರ್ಬಿಡನ್ ಸ್ಟೋರೀಸ್' ಸಂಸ್ಥೆಯ ನೇತೃತ್ವದಲ್ಲಿ ಮೂವತ್ತು ಮಾಧ್ಯಮಸಂಸ್ಥೆಗಳ ಸುಮಾರು ನೂರು ಮಂದಿ ಪತ್ರಕರ್ತರು ಶೋಧ ನಡೆಸಿ 2023ರ ಫೆಬ್ರವರಿಯಲ್ಲಿ ಅದನ್ನು ಪ್ರಕಟಿಸಿದರು. ಚುನಾವಣೆಗಳಲ್ಲಿ ಕೈಯಾಡಿಸುವುದನ್ನೇ ಕಸುಬಾಗಿಸಿಕೊಂಡ ಇಸ್ರೇಲಿನ ಗುಂಪೊಂದು ಹೀಗೆ ಬೆಳಕಿಗೆ ಬಂದಿತು.

ಕೊಚ್ಚಿಯ ಪತ್ರಿಕೆಗೂ ಇದಕ್ಕೂ ನೇರ ಪರಂಪರೆ ಕಲ್ಪಿಸುವುದು ಅತಿರೇಕವಾದೀತು. ಪರಮೇಶ್ವರನ್ ಪಿಳ್ಳೆಗೆ ದೊರೆತದ್ದು ಅಚ್ಚಿನ ಆಶ್ರಯ ಮಾತ್ರ, ಜೊತೆ ಶೋಧಕರಲ್ಲ. ರಾಮಕೃಷ್ಣ ಪಿಳ್ಳೆಗೆ ಅದೂ ಇಲ್ಲವಾಯಿತು. ಗಡೀಪಾರಿನಲ್ಲಿದ್ದುಕೊಂಡೇ ಅವರು 1912ರಲ್ಲಿ ಪತ್ರಿಕಾವೃತ್ತಿಯನ್ನು ಕುರಿತ ಮಲಯಾಳ ಗ್ರಂಥವನ್ನೂ ಕಾರ್ಲ್ ಮಾರ್ಕ್ಸನ ಜೀವನಚರಿತ್ರೆಯನ್ನೂ ಪ್ರಕಟಿಸಿದರು. 1916ರ ಮಾರ್ಚ್ 28ರಂದು ಬ್ರಿಟಿಷ್ ಮಲಬಾರಿನ ಕಣ್ಣೂರಿನಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೇಳು ವರ್ಷ. ಅವರ ಬಾಳಿನ ಕಥೆಯನ್ನು ಬರೆದವರು ಪತ್ನಿ ಬಿ. ಕಲ್ಯಾಣಿ ಅಮ್ಮ. ಒಂದು ಗುರುಪರಿಭ್ರಮಣೆಯ, ಅಂದರೆ ಹನ್ನೆರಡು ವರ್ಷಗಳ, ನೆನಪುಗಳೆಂಬ ಅರ್ಥದ ಹೆಸರನ್ನು ಆ ಪುಸ್ತಕಕ್ಕೆ ಅವರು ಇಟ್ಟರು.