ಟವೆಲ್ಲಿನಲ್ಲಿ ಸುತ್ತಿಟ್ಟ ವಿಸ್ಕಿ

ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡನ 'ದಿ ಗ್ರೇಟ್ ಗ್ಯಾಟ್ಸ್‌ಬಿ' (1925) ಓದಿದವರಿಗೆ ಅದರ ಏಳನೆಯ ಅಧ್ಯಾಯದ ಜಗಳ ಮರೆಯುವುದಿಲ್ಲ. ಆ ಜಗಳ ನಡೆದ ಕೋಣೆಯಲ್ಲಿದ್ದ ವಿಸ್ಕಿ ಬಾಟಲಿ ಮಾತ್ರ ಅಷ್ಟಾಗಿ ನೆನಪಿರುವುದಿಲ್ಲ. ಕಾದಂಬರಿಯ ವರ್ಗಪ್ರಜ್ಞೆಯನ್ನು ಹಿಡಿಯಲು ನನಗೆ ಅದೇ ಒಳ್ಳೆಯ ದಾರಿ ಅನ್ನಿಸುತ್ತದೆ.

1922ರ ಬೇಸಿಗೆ. ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನ ಕೋಣೆಯಲ್ಲಿ ಐದು ಜನ ಬೆವರುತ್ತ ಕೂತಿದ್ದಾರೆ: ಡೈಸಿ, ಅವಳ ಗಂಡ ಟಾಮ್, ಅವಳ ಹಳೆಯ ಪ್ರಿಯಕರ ಗ್ಯಾಟ್ಸ್‌ಬಿ, ಗೆಳತಿ ಜೋರ್ಡನ್, ಕತೆ ಹೇಳುವ ನಿಕ್. ಕೆಳಗೆ ಯಾರದೋ ಮದುವೆಯ ವಾದ್ಯ ಕೇಳುತ್ತಿದೆ. ಟಾಮ್ ಮನೆಯಿಂದಲೇ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದಾನೆ.

ಅಮೆರಿಕದಲ್ಲಿ ಪಾನನಿಷೇಧ 1920ರ ಜನವರಿಯಲ್ಲೇ ಜಾರಿಗೆ ಬಂದಿತ್ತು. ಸಂವಿಧಾನದ 18ನೇ ತಿದ್ದುಪಡಿ ಮದ್ಯದ ತಯಾರಿಕೆ, ಮಾರಾಟ, ಸಾಗಣೆಗಳನ್ನು ನಿಷೇಧಿಸಿತ್ತು, ಕುಡಿಯುವುದನ್ನಲ್ಲ. ಮೊದಲೇ ಕೊಂಡು ನೆಲಮಾಳಿಗೆ ತುಂಬಿಸಿಕೊಂಡಿದ್ದ ಶ್ರೀಮಂತರು ತಮ್ಮ ಮನೆಯಲ್ಲಿ ನಿಶ್ಚಿಂತೆಯಿಂದ ಕುಡಿಯಬಹುದಿತ್ತು. ಆದರೆ ಬಾಟಲಿಯನ್ನು ಕಾರಿನಲ್ಲಿಟ್ಟುಕೊಂಡು ಹೋಟೆಲಿಗೆ ತಂದರೆ ಅದು ಸಾಗಣೆಯೇ. ಟಾಮ್‌ಗೆ ಇದರ ಚಿಂತೆಯೇ ಇಲ್ಲ. ಕಾನೂನು ತನ್ನಂಥವರಿಗಾಗಿ ಮಾಡಿದ್ದಲ್ಲ ಎಂಬುದು ಅವನಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ.

ಜಗಳ ಶುರುವಾಗುವುದು ಪ್ರೀತಿಯ ಹೆಸರಿನಲ್ಲಿ. ಗಂಡನನ್ನು ಯಾವತ್ತೂ ಪ್ರೀತಿಸಿಲ್ಲವೆಂದು ಡೈಸಿ ಬಾಯಿಬಿಟ್ಟು ಹೇಳಬೇಕು; ಅಗಲಿದ್ದ ಐದು ವರ್ಷಗಳು ಅಳಿಸಿಹೋಗಬೇಕು. ಗ್ಯಾಟ್ಸ್‌ಬಿಯ ಹಟ ಇದು. ಅವಳು ಹೇಳುತ್ತಾಳೆ, ಆದರೆ ಆ ಮಾತಿಗೆ ಅಂಟಿಕೊಳ್ಳಲಾರಳು. ಇಬ್ಬರನ್ನೂ ಪ್ರೀತಿಸಿದ್ದೆ ಎಂದು ಒಪ್ಪಿಕೊಳ್ಳುತ್ತಾಳೆ. ಡೈಸಿಯನ್ನು ಚಂಚಲೆ ಎಂದು ಬೈಯುವ ವಿಮರ್ಶಕರಿದ್ದಾರೆ. ನನ್ನ ಮಟ್ಟಿಗೆ ಆ ಕೋಣೆಯಲ್ಲಿ ಕೇಳಿಬಂದ ಅತ್ಯಂತ ಪ್ರಾಮಾಣಿಕ ಮಾತು ಅದು.

ಅಲ್ಲಿಗೆ ಗ್ಯಾಟ್ಸ್‌ಬಿ ಸೋತಿಲ್ಲ. ಅವಳು ನಿನ್ನನ್ನು ಬಿಟ್ಟು ಬರುತ್ತಾಳೆ ಎಂದು ಅವನು ಇನ್ನೂ ಟಾಮ್‌ಗೆ ಹೇಳುತ್ತಲೇ ಇದ್ದಾನೆ. ಆಗ ಟಾಮ್ ಪ್ರೀತಿಯ ಮಾತು ಬಿಟ್ಟು ದುಡ್ಡಿನ ಮೂಲಕ್ಕೆ ಕೈಹಾಕುತ್ತಾನೆ: ಗ್ಯಾಟ್ಸ್‌ಬಿಯೂ ವುಲ್ಫ್‌ಶೈಮನೂ ಗಲ್ಲಿಗಳ ಔಷಧದಂಗಡಿಗಳನ್ನು ಕೊಂಡು, ಕೌಂಟರಿನಲ್ಲೇ ಮದ್ಯಸಾರ ಮಾರುತ್ತಿದ್ದರು. ಔಷಧದಂಗಡಿಯೇ ಏಕೆ? ನಿಷೇಧದ ಕಾನೂನಿನಲ್ಲಿ ವೈದ್ಯರಿಗೊಂದು ಕಿಂಡಿಯಿತ್ತು. ಒಬ್ಬ ರೋಗಿಗೆ ಹತ್ತು ದಿನಕ್ಕೆ ಒಂದು ಪೈಂಟ್ ವಿಸ್ಕಿಯನ್ನು ಅವರು ಚೀಟಿ ಬರೆದು ಕೊಡಿಸಬಹುದಿತ್ತು. ಮದ್ಯ ಇಟ್ಟುಕೊಳ್ಳಲು ಕಾನೂನಿನ ಒಪ್ಪಿಗೆಯಿದ್ದ ಅಂಗಡಿ, ಕಳ್ಳವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆಯ ಮುಸುಕು ಇನ್ನೇನಿದ್ದೀತು!

ಗ್ಯಾಟ್ಸ್‌ಬಿ ಆರೋಪವನ್ನು ಅಲ್ಲಗಳೆಯುವುದಿಲ್ಲ. ನಿನ್ನ ಗೆಳೆಯ ವಾಲ್ಟರ್ ಚೇಸ್ ಕೂಡ ಇದರಲ್ಲಿ ಇದ್ದನಲ್ಲ ಎನ್ನುತ್ತಾನೆ. ಆ ಚೇಸ್ ಸಿಕ್ಕಿಬಿದ್ದು ಒಂದು ತಿಂಗಳು ಜೈಲಿನಲ್ಲಿದ್ದು ಬಂದವನು. ಅಂದರೆ ಈ ಹಣದ ರುಚಿ ಟಾಮ್‌ನ ಬಳಗಕ್ಕೂ ಗೊತ್ತು. ಆದರೂ ಕಳಂಕ ಅಂಟುವುದು ಗ್ಯಾಟ್ಸ್‌ಬಿಗೆ ಮಾತ್ರ. ಮದುವೆಯ ಹಿಂದಿನ ದಿನ ಮೂರೂವರೆ ಲಕ್ಷ ಡಾಲರಿನ ಮುತ್ತಿನ ಹಾರ ಕೊಟ್ಟ ಟಾಮ್‌ನನ್ನು, ಆ ಹಣ ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ಗರ್ಭಶ್ರೀಮಂತನ ಹಣಕ್ಕೆ ಊರುಕೇರಿಯಿಲ್ಲ.

ಇನ್ನು ಟಾಮ್‌ನ ನೈತಿಕತೆ. ಬೇರೊಬ್ಬನ ಹೆಂಡತಿಯನ್ನು ಇಟ್ಟುಕೊಂಡಿರುವ ಈತ ಅದೇ ಮಧ್ಯಾಹ್ನ ಕುಟುಂಬದ ಪಾವಿತ್ರ್ಯದ ಬಗ್ಗೆ ಭಾಷಣ ಮಾಡುತ್ತಾನೆ. ಇದನ್ನೆಲ್ಲ ಸಹಿಸಿದರೆ ನಾಳೆ ಕರಿಯರೂ ಬಿಳಿಯರೂ ಮದುವೆಯಾಗುತ್ತಾರೆ ಎಂದು ಹೆದರುತ್ತಾನೆ. ಅಂಥ ಮದುವೆ ಆಗ ಹಲವು ರಾಜ್ಯಗಳಲ್ಲಿ ಅಪರಾಧವೇ ಆಗಿತ್ತು. ಆ ಕಾನೂನುಗಳನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1967ರಲ್ಲಿ. ಹೆಂಡತಿಯ ಪ್ರಿಯಕರ, ಬೇರೆ ವರ್ಗ, ಬೇರೆ ಬಣ್ಣ: ಟಾಮ್‌ನ ಕಣ್ಣಿಗೆ ಎಲ್ಲವೂ ಬೇಲಿ ದಾಟಿ ಬಂದ ಒಂದೇ ಗುಂಪು.

ಡೈಸಿ ಮಾತಿಲ್ಲದೆ ತನ್ನೊಳಗೆ ಸರಿದುಬಿಡುತ್ತಾಳೆ. ಗೆದ್ದ ಟಾಮ್‌ಗೆ ಎಷ್ಟು ಧೈರ್ಯವೆಂದರೆ, ಅವಳನ್ನು ಗ್ಯಾಟ್ಸ್‌ಬಿಯ ಕಾರಿನಲ್ಲೇ ಮನೆಗೆ ಕಳಿಸುತ್ತಾನೆ. ಅವರಿಬ್ಬರೂ ಹೋದ ಮೇಲೆ ಎದ್ದು, ಮುಚ್ಚಳ ತೆಗೆಯದ ವಿಸ್ಕಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತುತ್ತ, ನಿಮಗೆ ಬೇಕೇ ಎಂದು ಉಳಿದವರನ್ನು ಕೇಳುತ್ತಾನೆ.