ಗಣಿ ಲೈನಿನ ಮನೆಗಳು ಮತ್ತು ಅರ್ಜಿಯ ಲೆಕ್ಕ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಪಕ್ಕದ ಚಿನ್ನದ ಗಣಿಯ ಚರಿತ್ರೆಯಿಂದ ನಾವು ಕಲಿಯಬೇಕಾದ ಒಂದು ವಿಷಯವನ್ನು ಸದಸ್ಯ ಬಾಂಧವರ ಮುಂದಿಡಲು ಈ ನಾಲ್ಕು ಮಾತು.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಕೋಲಾರದ ಗಣಿಗಳು ಬೆಳೆದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು. ಬೇತಮಂಗಲದಿಂದ ನೀರೂ ಬಂತು. ಕೂಲಿಗಾಗಿ ಬಂದ ಸಾವಿರಾರು ಕುಟುಂಬಗಳು ಮಾತ್ರ ಸಾಲು ಸಾಲು ಗುಡಿಸಲುಗಳಲ್ಲಿ ಬಾಳಿದವು. ಅವಕ್ಕೆ ‘ಲೈನು’ ಎಂದೇ ಹೆಸರು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೂಲಿ ಕೊಡೋನೂ ಕಂಪನಿಯೇ, ಮನೆ ಕೊಟ್ಟೋನೂ ಕಂಪನಿಯೇ. ಸೂರು ಸೋರುತ್ತದೆ ಎಂದು ಗಟ್ಟಿಯಾಗಿ ಕೇಳಿದರೆ ಕೆಲಸಕ್ಕೇ ಕುತ್ತು ಬಂದೀತೆಂಬ ಅಂಜಿಕೆ. ಕೆಲಸ ಹೋದರೆ ಸೂರೂ ಹೋಯಿತು. ನೆಲದಾಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳ ಗೋಡೆಯೂ ಬಿರುಕು ಬಿಡುತ್ತಿತ್ತು. ಅಂಥ ಊರಲ್ಲಿ ರಿಪೇರಿಗೆ ಬಾಯಿಮಾತಲ್ಲಿ ಹೇಳಿದರೆ ಸಾಕೇ? ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ?

ದಾಖಲೆ ಎಂದರೇನೆಂದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು. 1930ರಲ್ಲಿ ಕೂಲಿಗಾರರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಾಗ, ಕಾರ್ಮಿಕರು ಒಗ್ಗಟ್ಟಾಗಿ ಮುಷ್ಕರ ಹೂಡಿದರು. ಅವರು ಓದುಬರಹಕ್ಕೆ ಹೆದರಿದವರಲ್ಲ. ಪುಸ್ತಕ ಯಾರ ಕೈಲಿದೆ, ಯಾರ ಮೇಲೆ ಬರೆಯುತ್ತಾರೆ ಎಂಬುದೇ ಅವರ ಪ್ರಶ್ನೆಯಾಗಿತ್ತು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ನಿಂತರೂ ಜನ ಆ ಮನೆಗಳಲ್ಲೇ ಉಳಿದರು. ಆಗ ಒಂದು ಹಳೆಯ ಚೀಟಿ, ಒಂದು ರಸೀದಿಯೂ ಎಷ್ಟು ಬೆಲೆಯದ್ದೆಂದು ಮನೆಮನೆಗೂ ತಿಳಿಯಿತು.

ಈಗ ಬಾಡಿಗೆ ಮನೆಗಳ ಲೆಕ್ಕಕ್ಕೆ ಕಂಪ್ಯೂಟರ್ ತಂತ್ರಾಂಶಗಳಿವೆ. ನಲ್ಲಿ ಕೆಟ್ಟಿದೆ ಎಂದು ಬಾಡಿಗೆದಾರ ತಿಳಿಸಿದರೆ ಅದಕ್ಕೊಂದು ನಂಬರು ಬೀಳುತ್ತದೆ. ಯಾವ ದಿನ ಬಂತು, ಯಾರಿಗೆ ಒಪ್ಪಿಸಿದರು, ಎಲ್ಲಿಗೆ ಬಂತು, ಯಾವತ್ತು ಮುಗೀತು ಎಲ್ಲವೂ ಕಾಣುತ್ತದೆ. ಕರ್ನಾಟಕದಲ್ಲಿ 2012ರಿಂದ ‘ಸಕಾಲ’ದಲ್ಲಿ ಸರ್ಕಾರಿ ಅರ್ಜಿಗೂ ಇಂಥದೇ ನಂಬರು ಮತ್ತು ಗಡುವು ಸಿಗುತ್ತಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು.

ಆದರೆ ಯಂತ್ರ ತಂದ ಮಾತ್ರಕ್ಕೆ ನ್ಯಾಯ ಬಾರದು. ‘ಮುಗಿದಿದೆ’ ಎಂದು ಬರೆಯುವ ಮುಂಚೆ ಅರ್ಜಿದಾರನನ್ನು ಕೇಳಬೇಕು. ತನ್ನ ಅರ್ಜಿ ಎಲ್ಲಿದೆಯೆಂದು ನೋಡುವ ಹಕ್ಕು ಅವನಿಗಿರಬೇಕು. ಮಳಿಗೆಯ ಬಾಡಿಗೆದಾರನಿರಲಿ, ಗೊಬ್ಬರ ಕೇಳಿ ಬಂದ ರೈತನಿರಲಿ, ಪುಸ್ತಕದಲ್ಲಿ ಬರೆದು ತಾರೀಖು ಹಾಕಿ ಚೀಟಿ ಕೊಟ್ಟರೂ ಸಾಕು, ಅರ್ಧ ಕೆಲಸ ಆದಂತೆ. ಗಣಿಯಲ್ಲಿ ಪುಸ್ತಕ ಯಜಮಾನನ ಕೈಲಿತ್ತು. ಸಹಕಾರ ಸಂಘದಲ್ಲಿ ಸದಸ್ಯರೇ ಯಜಮಾನರು. ಆದ್ದರಿಂದ ಪುಸ್ತಕವೂ ಅವರ ಕಣ್ಣೆದುರೇ ತೆರೆದಿರಲಿ ಎಂದು ಹಾರೈಸುತ್ತೇನೆ.